ಕೋಚ್ ಆಗಿ ಇನ್ಸ್‌ಬ್ರುಕ್‌ಗೆ ಬರುವ ಮುಂಚೆ

ಲ್ಯೂಜ್, ಅಂದರೆ ಸ್ಲೆಡ್ ಮೇಲೆ ಅಂಗಾತ ಮಲಗಿ ಮಂಜುಗಡ್ಡೆಯ ಟ್ರ್ಯಾಕ್‌ನಲ್ಲಿ ಜಾರುವ ಸ್ಪರ್ಧೆ ನಿಲ್ಲಿಸಿದ್ದೀರಿ, ಇಲ್ಲಿ ಆಸ್ಟ್ರಿಯಾದ ಕ್ಲಬ್ಬೊಂದು ಮಕ್ಕಳಿಗೆ ಕಲಿಸಲು ಕರೆದಿದೆ, ಜರ್ಮನ್ ಬರಲ್ಲ, ಒಪ್ಪಿಕೊಳ್ಳಲಾ ಅಂತ ಕೇಳಿದ್ದೀರಿ. ಬನ್ನಿ. ಆದರೆ ಸಹಿ ಹಾಕುವ ಮುಂಚೆ ಕೆಲಸ ವರ್ಷಪೂರ್ತಿಯದೋ ಚಳಿಗಾಲದ ಮಟ್ಟಿಗೋ ಕೇಳಿಕೊಳ್ಳಿ. ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸಿಗುವ ರೆಡ್-ವೈಟ್-ರೆಡ್ ಕಾರ್ಡ್ (ಇಲ್ಲಿ ಇದ್ದು ಕೆಲಸ ಮಾಡುವ ಪರವಾನಗಿ) ಮೊದಲ 2 ವರ್ಷ ಕೆಲಸ ಕೊಟ್ಟವರ ಜೊತೆಗೇ ಕಟ್ಟಿಕೊಂಡಿರುತ್ತದೆ. ಸೀಸನ್ ಮುಗಿದ ಕೂಡಲೇ ಕೆಲಸ ಹೋದರೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ. ಮನೆ ಸಿಕ್ಕಿದ 3 ದಿನದೊಳಗೆ ವಿಳಾಸ ನೋಂದಾಯಿಸಿ, ಮುಂದೆ ಎಲ್ಲರೂ ಕೇಳೋದು ಆ ಚೀಟಿಯನ್ನೇ.

ಈಗ ಕೆಲಸದ ಮಾತು. ಬಲ ಮೀನಖಂಡ ಒತ್ತಿ ಎಡ ಭುಜ ಅದುಮಿದರೆ ಸ್ಲೆಡ್ ಎಡಕ್ಕೆ ಹೋಗುತ್ತದೆ ಅನ್ನೋದು ನಿಮ್ಮ ಮೈಗೆ ಗೊತ್ತು, ಬಾಯಿಗೆ ಇನ್ನೂ ಗೊತ್ತಿಲ್ಲ. ಊರ ಪಕ್ಕದ ಇಗ್ಲ್ಸ್‌ನಲ್ಲಿ, 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಆ ಟ್ರ್ಯಾಕ್‌ನ ತಿರುವಿನ ಪಕ್ಕ ಚಳಿಯಲ್ಲಿ ನಿಂತಾಗ ಮಗು ಕಣ್ಣಿಗೆ ಬೀಳೋದು ಒಂದೆರಡು ಕ್ಷಣ, ಅಷ್ಟರಲ್ಲೇ ಅದು ತಲೆ ಎತ್ತಿತಾ, ಒತ್ತಿದ್ದು ತಡವಾಯಿತಾ, ಪಾದ ಸಡಿಲವಾಯಿತಾ ಎಲ್ಲ ನೋಡಬೇಕು, ಆಮೇಲೆ ಅದರಲ್ಲಿ ಒಂದನ್ನು ಮಾತ್ರ ಹೇಳಬೇಕು. ನಾಲ್ಕು ಹೇಳಿದರೆ ಮಗು ಗಾಬರಿಯಾಗುತ್ತದೆ. ಬೇಗ, ತಡ, ಒತ್ತು, ಬಿಡು, ತಲೆ ಕೆಳಗೆ. ಇಷ್ಟನ್ನು ಜರ್ಮನ್‌ನಲ್ಲಿ ಮೊದಲು ಬಾಯಿಪಾಠ ಮಾಡಿ. ತರಗತಿಗೂ ಸೇರಿಕೊಳ್ಳಿ, ಆದರೆ ಇಲ್ಲಿನ ಟಿರೋಲ್ ಪ್ರಾಂತ್ಯದ ಮಕ್ಕಳ ಆಡುಮಾತು ಪುಸ್ತಕದ ಜರ್ಮನ್ ಅಲ್ಲ, ಕಿವಿಗೆ ಹತ್ತಲು ಟೈಮ್ ಬೇಕು.

ಅಲ್ಲಿಯವರೆಗೆ ನಿಮ್ಮ ಕೈ ಹಿಡಿಯೋದು ಸ್ಲೆಡ್ ಸರಿಮಾಡುವ ವರ್ಕ್‌ಶಾಪ್. 1992, 1994, 1998ರಲ್ಲಿ ಜರ್ಮನಿಗೆ ಲ್ಯೂಜ್‌ನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಗಿಯೋರ್ಗ್ ಹಾಕ್ಲ್ 2022ರಲ್ಲಿ ಆಸ್ಟ್ರಿಯಾ ತಂಡಕ್ಕೆ ಬಂದಾಗ ಇಲ್ಲಿನವರಿಗೆ ಬೇಕಾಗಿದ್ದು ಅವರ ಸ್ಲೆಡ್ ಜ್ಞಾನ. ನಿಮಗೂ ಸ್ಲೆಡ್ ಅಡಿಯ ಸ್ಟೀಲ್ ಪಟ್ಟಿ ಉಜ್ಜಲು ಬರುತ್ತದೆ ಅಲ್ವಾ? ಸಂಜೆ ಮಕ್ಕಳ ಜೊತೆ ಕೂತು ಮರಳು ಕಾಗದದಿಂದ ಉಜ್ಜಿ, ಅಂಚಿನ ಮೇಲೆ ಉಗುರು ಎಳೆದು ಗೀರು ಎಲ್ಲಿದೆ ತೋರಿಸಿ. ಅಪ್ಪ ಅಮ್ಮಂದಿರೂ ಅಲ್ಲೇ ಇರುತ್ತಾರೆ. ನಾನು ಇಲ್ಲಿಯವನಾಗಿದ್ದು ಅಲ್ಲೇ, ಟ್ರ್ಯಾಕ್‌ನಲ್ಲಲ್ಲ.

ಓಟದ ಶುರುವಿಗೆ ಹಿಡಿದು ಎಳೆಯುವ ಸ್ಟಾರ್ಟ್ ಹಿಡಿಕೆ ಕಂಡಾಗ ಕೈ ಸುಮ್ನಿರಲ್ಲ, ಆ ತುಡಿತ ಬೇಗ ಹೋಗೋದೂ ಇಲ್ಲ. ಬೇಜಾರಾದರೆ ಬಾಯಿಬಿಟ್ಟು ಹೇಳಿ, ಇಲ್ಲಿನ ಕೋಚ್‌ಗಳಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಸ್ಲೆಡ್ ಮೇಲೆ ಮಲಗಿದವರೇ.

ಹಾಂ, ಸಂಬಳ. ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 14 ಸಂಬಳ. ನಿಮಗೆ ಹೇಳಿದ ಮೊತ್ತ 12ರ ಲೆಕ್ಕವೋ 14ರ ಲೆಕ್ಕವೋ, ಇವತ್ತೇ ಕೇಳಿ ಬರೆಸಿಕೊಳ್ಳಿ.