ತೊಗರಿ ಹಿಟ್ಟಿನ ಫೇಸ್‌ಪ್ಯಾಕ್‌ಗೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ತೊಗರಿ ಹಿಟ್ಟು, ಅರಿಶಿನ, ಬೇವು ಸೇರಿಸಿ ಫೇಸ್‌ಪ್ಯಾಕ್ ಮಾಡಿ ಮಾರುತ್ತೇನೆ. ಯಾರೂ ನಕಲು ಮಾಡದ ಹಾಗೆ ಪೇಟೆಂಟ್ ಮಾಡಿಸಬಹುದಾ?
– ಗೃಹಿಣಿ, ಕಲಬುರಗಿ

ಉತ್ತರ: ಅಕ್ಕ, ಬರೀ ಈ ಮಿಶ್ರಣಕ್ಕೆ ಕಷ್ಟ. ಅಜ್ಜಿಯಂದಿರ ಕಾಲದಿಂದ ಗೊತ್ತಿರುವುದನ್ನು, ಸುಮ್ನೆ ಕಲಸಿದ್ದನ್ನು 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಹೊರಗಿಡುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕ ಕೊಟ್ಟಿದ್ದ ಪೇಟೆಂಟು 1997ರಲ್ಲಿ ರದ್ದಾಗಿದ್ದೂ ಅದು ನಮಗೆ ಮೊದಲೇ ಗೊತ್ತಿತ್ತು ಅಂತಲೇ ಅಲ್ವಾ. ಆದರೆ ನೀರು ಬಿದ್ದ ಹಿಟ್ಟು ಎರಡೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ ನೋಡಿ, ಅದು ತಿಂಗಳುಗಟ್ಟಲೆ ಕೆಡದಂತೆ ಇಡುವ ಹೊಸ ವಿಧಾನ ನಿಮ್ಮದೇ ಆಗಿದ್ದರೆ ಖಂಡಿತ ಅರ್ಜಿ ಹಾಕಿ. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ರಕ್ಷಣೆ. ಅರ್ಜಿ ಹಾಕುವವರೆಗೆ ಯಾರಿಗೂ ಹೇಳಬೇಡಿ, ರೀಲ್ಸ್ ಅಂತೂ ಬೇಡವೇ ಬೇಡ. ಮೊದಲು ತಾತ್ಕಾಲಿಕ ಅರ್ಜಿ, 12 ತಿಂಗಳೊಳಗೆ ಪೂರ್ತಿ ವಿವರ. ನಮಗೆಲ್ಲ ಚೆನ್ನೈ ಕಚೇರಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆ, ಅದನ್ನು ತಡ ಮಾಡಬೇಡಿ.