ಪ್ಯಾರಾಗ್ಲೈಡಿಂಗ್ ವೇರಿಯೋ: ಬರೀ ಬೀಪ್ ಮಾಡುವುದು ಸಾಕಾ, ಮ್ಯಾಪ್ ಇರುವುದೇ ಬೇಕಾ, ಫೋನಲ್ಲೇ ಆಗುತ್ತಾ?

ಹಾಸನದವರೇ, ಯಾವ ವೇರಿಯೋ (ಏರುತ್ತಿದ್ದೀರಾ, ಇಳಿಯುತ್ತಿದ್ದೀರಾ ಅಂತ ಬೀಪ್‌ನಲ್ಲಿ ಹೇಳುವ ಯಂತ್ರ) ಕೊಳ್ಳಲಿ ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಮೂರಿವೆ: ಪರದೆಯಿಲ್ಲದ ಎಕ್ಸ್‌ಸಿ ಟ್ರೇಸರ್ ಮಿನಿ ಥರದ್ದು, ಫ್ಲೈಮಾಸ್ಟರ್–ಸ್ಕೈಟ್ರ್ಯಾಕ್ಸ್ ಥರದ ಜಿಪಿಎಸ್ ಪರದೆಯದ್ದು, ಇಲ್ಲಾ ಫೋನಿಗೆ ಎಕ್ಸ್‌ಸಿಟ್ರ್ಯಾಕ್ ಆ್ಯಪ್. ಕೋರ್ಸ್ ಮುಗಿಸಿದ ವರ್ಷ ನನ್ನ ಪಟ್ಟಿಯೂ ಇದೇ. ನಾನು ಪರದೆಯದ್ದು ತಗೊಂಡೆ. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ. ನಾನು ಅದಕ್ಕೆ ತುಂಬಿದ ಒಂದು ಸಂಖ್ಯೆ ತಪ್ಪಿತ್ತು.

ಚಿಕ್ಕಮಗಳೂರು ಕಡೆ, ಫೆಬ್ರವರಿ ಮಧ್ಯಾಹ್ನ. ಟೇಕಾಫ್ 1,800 ಮೀಟರ್, ಇಳಿಯಬೇಕಾದ ಕೊಯ್ಲಾದ ಗದ್ದೆ 1,010 ಮೀಟರ್. ಗದ್ದೆ ಇನ್ನೂ ಎರಡು ಕಿಲೋಮೀಟರ್ ಇರುವಾಗ, ಗ್ಲೈಡ್ 6ರ ಲೆಕ್ಕದಲ್ಲಿ (ಒಂದು ಮೀಟರ್ ಇಳಿಯುವಷ್ಟರಲ್ಲಿ ಆರು ಮೀಟರ್ ಮುಂದೆ), 110 ಮೀಟರ್ ಎತ್ತರ ಉಳಿಸಿಕೊಂಡೇ ತಲುಪುತ್ತೀಯ ಅಂತ ಪರದೆ ಹೇಳಿತು. ಕಣ್ಣಿಗೆ ಬೇರೆಯೇ ಕಾಣುತ್ತಿತ್ತು. ಗದ್ದೆ ನೋಟದಲ್ಲಿ ಮೆಲ್ಲಗೆ ಮೇಲಕ್ಕೆ ಸರಿಯುತ್ತಿತ್ತು. ಇಳಿಯುವ ಜಾಗ ಮೇಲಕ್ಕೆ ಸರಿದರೆ ತಲುಪುವುದಿಲ್ಲ, ಕೆಳಕ್ಕೆ ಸರಿದರೆ ದಾಟಿ ಹೋಗುತ್ತೀರಿ, ಅಲ್ಲಾಡದೆ ನಿಂತರೆ ಅಲ್ಲೇ ಇಳಿಯುತ್ತೀರಿ. ಇದು ಮೊದಲ ವಾರದ ಪಾಠ. ಪರದೆ ನಂಬಿದೆ. ಗದ್ದೆಗೆ ಸುಮಾರು 150 ಮೀಟರ್ ಮುಂಚೆ ತೋಟದ ಸಿಲ್ವರ್ ಓಕ್ ತುದಿಗೆ ಸಿಕ್ಕಿಕೊಂಡೆ. ಮೆಣಸು ಕೊಯ್ಯುತ್ತಿದ್ದವರು ಬಿದಿರೇಣಿ ತಂದು ಇಳಿಸಿದರು. ನನಗೇನೂ ಆಗಲಿಲ್ಲ, ರೆಕ್ಕೆಯ ಬಟ್ಟೆ ಹರಿಯಿತು, ಲೈನ್‌ಗಳು ಹೋದವು.

ಈಗ ಆ ಸಂಖ್ಯೆ. ಇದನ್ನು ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ವೇರಿಯೋ ಹೋಲಿಸುವ ವಿಡಿಯೋಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ. ಜಿಪಿಎಸ್ ಎತ್ತರ ಅಳೆಯುವುದು ಸಮುದ್ರಮಟ್ಟದಿಂದಲ್ಲ, ಡಬ್ಲ್ಯೂಜಿಎಸ್ 84 ಅನ್ನುವ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಲೆಕ್ಕದ ನುಣುಪು ಗೋಳದಿಂದ. ನಿಜವಾದ ಸಮುದ್ರಮಟ್ಟ ಹಾಗೆ ನುಣುಪಾಗಿಲ್ಲ. ಗುರುತ್ವ ಕಡಿಮೆ ಇರುವಲ್ಲಿ ತಗ್ಗುತ್ತದೆ. ಜಗತ್ತಿನಲ್ಲೇ ಅತಿ ಆಳದ ತಗ್ಗು ಇರುವುದು ನಮ್ಮ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ, ಆ ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗೆ. ಹಾಸನ, ಚಿಕ್ಕಮಗಳೂರು ಎರಡೂ ಆ ತಗ್ಗಿನ ಇಳಿಜಾರಲ್ಲೇ ಇವೆ, ಇಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ 90 ಮೀಟರ್. ಅಂದರೆ ತಿದ್ದದ ಜಿಪಿಎಸ್ ಎತ್ತರ ನಮ್ಮಲ್ಲಿ 90 ಮೀಟರ್ ಕಡಿಮೆ ತೋರಿಸುತ್ತದೆ. ಆಲ್ಪ್ಸ್‌ನಲ್ಲಿ ಇದು ಉಲ್ಟಾ, 50 ಮೀಟರ್ ಹತ್ತಿರ ಹೆಚ್ಚು ತೋರಿಸುತ್ತದೆ. ಯುರೋಪಿನವರು ಬರೆದದ್ದು ಓದಿ '50 ಕಳೆಯಿರಿ' ಅಂದದ್ದನ್ನು ಇಲ್ಲಿ ಮಾಡಿದರೆ ತಪ್ಪು 140 ಆಗುತ್ತದೆ.

ನಾನು ಮಾಡಿದ್ದು ಇಷ್ಟೇ. ಹಿಂದಿನ ದಿನ ಗದ್ದೆಯಲ್ಲಿ ನಿಂತು ಫೋನಿನ ಜಿಪಿಎಸ್‌ನಿಂದ ಪಾಯಿಂಟ್ (ಜಾಗ, ಅದರ ಎತ್ತರ) ಉಳಿಸಿ ವೇರಿಯೋಗೆ ತುಂಬಿದೆ: 920 ಮೀಟರ್. ಮಾರನೆಯ ದಿನ ಟೇಕಾಫ್‌ನಲ್ಲಿ ವೇರಿಯೋ ಎತ್ತರವನ್ನು ನಕ್ಷೆ ನೋಡಿ 1,800ಕ್ಕೆ ಕೂರಿಸಿದೆ. ಒಂದು ಎತ್ತರ ಗೋಳದಿಂದ, ಇನ್ನೊಂದು ಸಮುದ್ರದಿಂದ. ಗದ್ದೆ ಇರುವುದಕ್ಕಿಂತ 90 ಮೀಟರ್ ಕೆಳಗಿದೆ ಅಂತ ಯಂತ್ರ ತಿಳಿದುಕೊಂಡಿತು.

ಇದರ ಮೇಲೆ ಇನ್ನೂ 27 ಮೀಟರ್ ತಪ್ಪು, ಅದು ಬಿಸಿಗಾಳಿಯ ಲೆಕ್ಕ. ಒತ್ತಡದಿಂದ ಎತ್ತರ ಅಳೆಯುವ ಯಂತ್ರ, 1,400 ಮೀಟರಿನಲ್ಲಿ ಗಾಳಿ 6 ಡಿಗ್ರಿ ಇದೆ ಅಂತ ಊಹಿಸಿರುತ್ತದೆ. ನಮ್ಮ ಫೆಬ್ರವರಿ ಮಧ್ಯಾಹ್ನ ಅಲ್ಲಿ 22 ಇರಬಹುದು. ಪ್ರತಿ 10 ಡಿಗ್ರಿಗೆ ಸುಮಾರು ಶೇ 4ರಷ್ಟು ತಪ್ಪು, ಹಾಗಾಗಿ ನೀವು ನಿಜಕ್ಕೂ 100 ಮೀಟರ್ ಇಳಿದರೆ ಅದು 94 ಅನ್ನುತ್ತದೆ. ಟೇಕಾಫ್‌ನಲ್ಲಿ ಸರಿಯಾಗಿ ಕೂರಿಸಿದ್ದರೂ ಇಳಿದಷ್ಟೂ ತಪ್ಪು ಬೆಳೆಯುತ್ತದೆ, ಅದೂ ಎತ್ತರ ಹೆಚ್ಚಿದೆ ಅನ್ನುವ ಕಡೆಗೇ. 90, 27 ಸೇರಿಸಿ. 110 ಮೀಟರಿನ ಧೈರ್ಯ ಮೈನಸ್ 7 ಆಯಿತು. ಮೇಲೆ ಮರದ ಎತ್ತರ ಬೇರೆ.

ಯಾವುದನ್ನೇ ಕೊಂಡರೂ ಮೊದಲು ಅದನ್ನು ಹಾಸನ ರೈಲ್ವೆ ಸ್ಟೇಷನ್ನಿಗೆ ಒಯ್ಯಿರಿ. ಪ್ಲಾಟ್‌ಫಾರಂ ತುದಿಯ ಹಳದಿ ಬೋರ್ಡಿನಲ್ಲಿ ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ. ಇದಕ್ಕಿಂತ ಅಗ್ಗದ ಮಾಪಕ ಇಲ್ಲ. ಬಯಲಲ್ಲಿ ಹತ್ತು ನಿಮಿಷ ಉಪಗ್ರಹ ಹಿಡಿಯಲು ಬಿಟ್ಟು ಜಿಪಿಎಸ್ ಎತ್ತರ ನೋಡಿ. ಬೋರ್ಡಿಗಿಂತ ಹತ್ತಿಪ್ಪತ್ತು ಮೀಟರ್ ಆಚೀಚೆ ಇದ್ದರೆ ತಿದ್ದಿದ ಎತ್ತರ, 90ರ ಹತ್ತಿರ ಕಡಿಮೆ ಇದ್ದರೆ ತಿದ್ದದ್ದು. ಸೆಟ್ಟಿಂಗ್ಸ್‌ನಲ್ಲಿ ಜಿಯಾಯ್ಡ್ ಅಥವಾ ಎಂಎಸ್‌ಎಲ್ (ಎರಡೂ ಸಮುದ್ರಮಟ್ಟದ ಲೆಕ್ಕವೇ) ಅಂತ ಇದ್ದರೆ ಆನ್ ಮಾಡಿ ಮತ್ತೆ ನೋಡಿ. ಗ್ಲೈಡ್ ಲೆಕ್ಕಕ್ಕೆ ತಿದ್ದಿದ ಜಿಪಿಎಸ್ ಎತ್ತರ ಇರಲಿ, ಒತ್ತಡದ ಸೆನ್ಸರ್ ಬೀಪ್‌ಗೆ ಇರಲಿ.

ಇನ್ನು ನಿಮ್ಮ ಪ್ರಶ್ನೆ. ನಿಜ ಹೇಳಬೇಕೆಂದರೆ 'ಯಾವ ಪರದೆ' ಅನ್ನುವ ಪ್ರಶ್ನೆಯೇ ಈಗ ನಿಮಗೆ ಬೇಡ. ಮೊದಲ ಐವತ್ತು ಗಂಟೆ ಪರದೆ ಇಲ್ಲದ್ದೇ ಇರಲಿ. ವೇಗ ಬದಲಾಗುವುದನ್ನು ಅಳೆಯುವ ಸೆನ್ಸರನ್ನೂ (ಆಕ್ಸೆಲೆರೋಮೀಟರ್) ಒತ್ತಡದ ಸೆನ್ಸರನ್ನೂ ಸೇರಿಸಿ ಲೆಕ್ಕ ಹಾಕುವಂಥದ್ದು ತಗೊಳ್ಳಿ. ಬರೀ ಒತ್ತಡ ನೋಡುವ ವೇರಿಯೋ ಸೆನ್ಸರಿನ ಅಡ್ಡಾದಿಡ್ಡಿ ಏರಿಳಿತ ಸೋಸಲು ಒಂದು ಸೆಕೆಂಡ್ ಹಿಂದೆ ಬೀಳುತ್ತದೆ. ಟ್ರಿಮ್ ವೇಗದಲ್ಲಿ (ಬ್ರೇಕ್ ಹಿಡಿಯದೆ ರೆಕ್ಕೆ ತಾನಾಗಿ ಹಾರುವ ವೇಗ) ಒಂದು ಸೆಕೆಂಡ್ ಅಂದರೆ 10 ಮೀಟರ್, ಸಣ್ಣ ಥರ್ಮಲ್‌ನಲ್ಲಿ (ಮೇಲೇರುವ ಬಿಸಿಗಾಳಿಯ ಕಂಬ) ಅಷ್ಟಕ್ಕೇ ನಡುಭಾಗ ತಪ್ಪಿಹೋಗುತ್ತದೆ. ಏರುವ ಸದ್ದು ಸೆಕೆಂಡಿಗೆ +0.1 ಮೀಟರಿನಿಂದ ಶುರುವಾಗಲಿ. ಇಳಿಯುವ ಎಚ್ಚರಿಕೆಯನ್ನು ಮೈನಸ್ 2.5ಕ್ಕಿಂತ ಸೊನ್ನೆಯ ಹತ್ತಿರ ತರಬೇಡಿ, ರೆಕ್ಕೆ ಸುಮ್ಮನಿದ್ದಾಗಲೇ ಸೆಕೆಂಡಿಗೆ 1.1 ಮೀಟರ್ ಇಳಿಯುತ್ತಿರುತ್ತದೆ, ಹತ್ತಿರ ತಂದರೆ ವೇರಿಯೋ ದಾರಿಯುದ್ದಕ್ಕೂ ಅಳುತ್ತಲೇ ಇರುತ್ತದೆ.

ಫೋನ್ ಒಂದೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಗ್ಗದ ಫೋನುಗಳಲ್ಲಿ ಒತ್ತಡದ ಸೆನ್ಸರ್ ಬಹಳಷ್ಟು ಸಲ ಇರುವುದೇ ಇಲ್ಲ, ಬರೀ ಜಿಪಿಎಸ್‌ನಿಂದ ಬರುವ ಬೀಪ್ ಹುಸಿ. ಬಿಸಿಲಿಗೆ ಕಾದರೆ ಪರದೆ ಮಂಕಾಗುತ್ತದೆ, ಕೆಲವು ತಾವೇ ಆಫ್ ಆಗುತ್ತವೆ. ವೇರಿಯೋದಿಂದ ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸಿ, ಎಕ್ಸ್‌ಸಿಟ್ರ್ಯಾಕನ್ನು ದಾಖಲೆಗೆ ಇಟ್ಟುಕೊಳ್ಳಿ. ಅದು ಉಚಿತ.

ಯಾರಾದರೂ ಪಾಯಿಂಟ್ ಫೈಲ್ ಕೊಟ್ಟರೆ ತುಂಬುವ ಮುಂಚೆ ತೆರೆದು, ಒಂದೊಂದರ ಎತ್ತರವನ್ನೂ ನಕ್ಷೆಯ ಜೊತೆ ತಾಳೆ ನೋಡಿ. ನನ್ನ ಆ 920ರ ಫೈಲನ್ನು ತಿದ್ದುವ ಮೊದಲೇ ಇಬ್ಬರಿಗೆ ಕಳಿಸಿಬಿಟ್ಟಿದ್ದೆ.