ಖಣಿಯ ಬಗ್ಗೆ ಬರೆದ ಇಳಕಲ್ಲಿನ ತಂಗಿಗೆ

ತಂಗಿ, ನಮಸ್ಕಾರ.

ಖಣಿ ಮತ್ತು ಜನರ ಆರೋಗ್ಯದ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನೀವು ಇದನ್ನು ಬಿಡಲೂಬಾರದು.

ಏಳನೆಯ ಪುಟದಲ್ಲಿ ನಿಮ್ಮ ಕಾಕಾ ಬರುತ್ತಾರೆ. ಕಲ್ಲಿನ ಖಣಿಯಿಂದ ಬಂದು ಅಂಗಿ ಜಾಡಿಸಿದರೆ ಅಂಗಳದ ತುಳಸಿ ಬೆಳ್ಳಗಾಗುತ್ತಿತ್ತು ಎಂದು ಬರೆದಿದ್ದೀರಿ. ಈಗ ಖಣಿಗೆ ಹೋಗುವುದಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಕಟ್ಟೆ ಮೇಲೆ ಕೂತುಬಿಡುತ್ತಾರೆ ಎಂದೂ ಬರೆದಿದ್ದೀರಿ. ಇಷ್ಟೇ, ಮೂರು ಸಾಲು. ಅಲ್ಲಿಗೆ ಬರುವ ಮೊದಲು ಆರು ಪುಟ ‘ಮಾನವನ ದುರಾಸೆ’ಯ ಬಗ್ಗೆ ಇದೆ. ಆ ಆರು ಪುಟ ತೆಗೆಯಿರಿ. ಕಾಕಾನಿಂದಲೇ ಶುರು ಮಾಡಿ.

ಇನ್ನು ತಪ್ಪುಗಳ ವಿಷಯ. ‘ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಫ್ಲೋರೈಡ್ ಮುಂತಾದ ಭಾರಲೋಹಗಳು’ ಎಂದಿದ್ದೀರಿ. ಫ್ಲೋರೈಡ್ ಲೋಹವೇ ಅಲ್ಲ. ನಿಮ್ಮ ಓಣಿಯ ಮಕ್ಕಳ ಹಲ್ಲು ಕಂದಾಗಿದ್ದಕ್ಕೆ ಖಣಿಯೇ ಕಾರಣ ಎಂದೂ ಬರೆದಿದ್ದೀರಿ. ಹಲ್ಲಿನ ಕಲೆ ಫ್ಲೋರೈಡಿನದೇ ಆಗಿದ್ದರೆ ಅದರ ದಾರಿ ಬೇರೆ. ನಮ್ಮ ಕಡೆ ಫ್ಲೋರೈಡ್ ಗ್ರಾನೈಟ್ ಕಲ್ಲಿನೊಳಗೇ ಇರುತ್ತದೆ. ಆಳದ ನೀರು ವರ್ಷಗಟ್ಟಲೆ ಆ ಕಲ್ಲಿಗೆ ತಾಗಿಕೊಂಡಿದ್ದರೆ ಅದು ನೀರಿಗೆ ಇಳಿಯುತ್ತದೆ. ಖಣಿಯೇ ಇಲ್ಲದ ಊರಲ್ಲೂ ಬೋರ್‌ವೆಲ್ ನೀರಲ್ಲಿ ಇದು ಸಿಗುತ್ತದೆ. ಕುಡಿಯುವ ನೀರಲ್ಲಿ ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಬಿಡುತ್ತಾರೆ. ಹಲ್ಲು ಒಳಗೆ ಬೆಳೆಯುತ್ತಿರುವ ವಯಸ್ಸಿನಲ್ಲಿ ಇದು ಜಾಸ್ತಿ ಹೋದರೆ ಕಲೆ ಉಳಿಯುತ್ತದೆ. ಮುಂದೆ ಹಾಗೇ ಕುಡಿಯುತ್ತಾ ಹೋದರೆ ಮೂಳೆ, ಕೀಲು ಹಿಡಿಯುತ್ತವೆ. ಖಣಿ ಮುಚ್ಚಿಸಿದರೆ ಆ ಮಕ್ಕಳ ನೀರು ಸರಿಹೋಗುತ್ತದಾ? ಅವರಿಗೆ ಬೇಕಾಗಿರುವುದು ಬೇರೆ ನೀರು. ತಪ್ಪು ಕಾರಣ ಬರೆದರೆ ಜನ ತಪ್ಪು ಬಾಗಿಲು ತಟ್ಟುತ್ತಾರೆ.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಹಾಗೆ ನಮ್ಮೂರಲ್ಲೂ ಆರ್ಸೆನಿಕ್ ಇದೆ ಎಂದು ನೇರವಾಗಿ ಹೇಳಿಬಿಟ್ಟಿದ್ದೀರಿ. ಕಿರದಳ್ಳಿ ತಾಂಡಾದ್ದು ಚಿನ್ನದ ಅದಿರಿರುವ ನೆಲ. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್ ಕೂಡ ಸೇರಿರುವುದು ಸಾಮಾನ್ಯ. ಅಲ್ಲಿ ಕೊಳವೆಬಾವಿ ನೀರು ಕುಡಿದವರ ಅಂಗೈ, ಅಂಗಾಲು ದಪ್ಪಗಟ್ಟಿ ಗಂಟಾದವು, ಕ್ಯಾನ್ಸರೂ ಬಂತು. ನಿಮ್ಮೂರಿನ ನೀರನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಮಾಡಿಸದೆ ಹಾಗೆ ಬರೆಯಬೇಡಿ. ಆರ್ಸೆನಿಕ್‌ಗೆ ರುಚಿ ಇಲ್ಲ, ವಾಸನೆ ಇಲ್ಲ. ಲೀಟರಿಗೆ 0.01 ಮಿಲಿಗ್ರಾಂ ಎಂಬ ಮಿತಿ ಕಣ್ಣಿಗೆ ಕಾಣುವಂಥದ್ದಲ್ಲ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬಿಗೆ ಒಂದು ಬಾಟಲಿ ನೀರು ಕೊಡಿ.

ಒಂದು ಸಾಲನ್ನಂತೂ ಕೆಂಪು ಮಸಿಯಲ್ಲಿ ಹೊಡೆದು ಹಾಕಿದ್ದೇನೆ. ‘ನೀರನ್ನು ಚೆನ್ನಾಗಿ ಕುದಿಸಿ ಕುಡಿದರೆ ಸಾಕು.’ ಕುದಿಸಿದರೆ ಕ್ರಿಮಿ ಸಾಯುತ್ತವೆ. ಫ್ಲೋರೈಡ್, ಆರ್ಸೆನಿಕ್ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಲ್ಲಿ ಅವು ಇನ್ನೂ ದಟ್ಟವಾಗುತ್ತವೆ. ಯಾರೋ ತಾಯಿ ನಿಮ್ಮ ಮಾತು ನಂಬಿ ಮಗುವಿಗೆ ಅದೇ ನೀರು ಕೊಟ್ಟರೆ ಹೇಗೆ, ತಂಗಿ?

ಜಪಾನಿನ ಮಿನಮಾಟಾದಲ್ಲಿ ಪಾದರಸದ ವಿಷದಿಂದ ಜನ ನರಳಿದ ಕಥೆಯೂ ಇಲ್ಲಿ ಬೇಡ. ಆ ಪಾದರಸ ಬಂದದ್ದು ರಾಸಾಯನಿಕ ಕಾರ್ಖಾನೆಯಿಂದ, ಗಣಿಯಿಂದಲ್ಲ. ‘ಒಂದು ಸಮೀಕ್ಷೆ ಪ್ರಕಾರ ಶೇ. 80 ಜನ’ ಎಂಬುದನ್ನೂ ತೆಗೆಯಿರಿ. ಯಾವ ಸಮೀಕ್ಷೆ? ಅದರ ಬದಲು ನಿಮ್ಮ ಓಣಿಯ ಮನೆ ಮನೆಗೆ ಹೋಗಿ ಕೇಳಿ. ಎಷ್ಟು ಮನೆಯಲ್ಲಿ ಖಣಿ ಕೆಲಸದವರು, ಎಷ್ಟು ಜನರಿಗೆ ಕೆಮ್ಮು. ಹದಿನೈದು ಮನೆಯಾದರೂ ಸರಿ, ಅದು ನೀವೇ ಎಣಿಸಿದ್ದು.

ಈಗ ಮತ್ತೆ ಕಾಕಾನ ಹತ್ತಿರ ಬರೋಣ. ನಿಮ್ಮ ಲೇಖನ ಇರುವುದೇ ಅಲ್ಲಿ. ನೀವು ಲೋಹಗಳನ್ನು ಹುಡುಕುತ್ತಾ ಹೋಗಿ ಕಣ್ಣೆದುರಿನ ಧೂಳನ್ನು ಬಿಟ್ಟಿದ್ದೀರಿ. ಗ್ರಾನೈಟಿನಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಖನಿಜ, ಬಹಳ. ಕೊರೆಯುವಾಗ, ಒಡೆಯುವಾಗ ಅದು ಧೂಳಾಗಿ ಏಳುತ್ತದೆ. ತುಳಸಿ ಮೇಲೆ ಬಿದ್ದ ಧೂಳು ಕಾಣುತ್ತದೆ. ಅದಕ್ಕಿಂತ ಸಣ್ಣದು ಕಾಣುವುದೇ ಇಲ್ಲ, ಅದೇ ಪುಪ್ಪುಸದ ತಳಕ್ಕೆ ಹೋಗಿ ಕೂರುವುದು. ಅಲ್ಲಿ ಗಾಯ ಮಾಡಿ ಕಲೆಗಟ್ಟಿಸುತ್ತದೆ. ಇದಕ್ಕೇ ಸಿಲಿಕೋಸಿಸ್ ಎನ್ನುತ್ತಾರೆ. ವಾಸಿ ಮಾಡುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಎಷ್ಟೋ ಕಡೆ ಇದನ್ನು ಟಿಬಿ ಎಂದು ತಿಳಿದು ಗುಳಿಗೆ ಕೊಡುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಅಂಟುವುದೂ ನಿಜ, ಹಾಗಾಗಿ ಗೊಂದಲ ಇನ್ನೂ ಜಾಸ್ತಿ.

ಕಾಕಾನನ್ನು ಕೇಳಿ. ಎಷ್ಟು ವರ್ಷ ಕೊರೆದರು? ಕೊರೆಯುವಾಗ ನೀರು ಬಿಡುತ್ತಿದ್ದರಾ, ಸುಮ್ನೆ ಒಣ ಕಲ್ಲಿಗೇ ಮಷಿನ್ ಹಚ್ಚುತ್ತಿದ್ದರಾ? ನೀರು ಬಿಟ್ಟು ಕೊರೆದರೆ ಧೂಳು ಎಷ್ಟೋ ಕಡಿಮೆ ಏಳುತ್ತದೆ. ಮೂಗಿಗೆ ಏನು ಕಟ್ಟುತ್ತಿದ್ದರು? ಬರೀ ಟವೆಲ್ ಕಟ್ಟಿದರೆ ಆ ಸಣ್ಣ ಧೂಳು ನಿಲ್ಲುವುದಿಲ್ಲ. ಜೊತೆಗೆ ಕೊರೆದವರು ಈಗ ಎಲ್ಲಿದ್ದಾರೆ? 2015ರ ಗಣಿ ಕಾನೂನು ತಿದ್ದುಪಡಿಯಿಂದ ಗಣಿಯವರು ಕಟ್ಟುವ ಹಣದ ಜಿಲ್ಲಾ ಖನಿಜ ನಿಧಿ ಬಂದಿದೆ, ಅದು ಗಣಿಯಿಂದ ತೊಂದರೆಯಾದವರಿಗಾಗಿಯೇ. ಬಾಗಲಕೋಟೆ ಜಿಲ್ಲೆಯಲ್ಲಿ ಅದು ಎಲ್ಲಿ ಖರ್ಚಾಯಿತು ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆ ಉತ್ತರವೂ ಲೇಖನಕ್ಕೆ ಬೇಕು.

ಇದೆಲ್ಲಕ್ಕೂ ಮೊದಲು ಕಾಕಾನನ್ನು ಎದೆ ಎಕ್ಸ್‌ರೇಗೆ ಕರೆದುಕೊಂಡು ಹೋಗಿ. ಇಷ್ಟು ವರ್ಷ ಕಲ್ಲು ಕೊರೆದಿದ್ದಾರೆ ಎಂದು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ಅವರು ಕೇಳದಿದ್ದರೂ ಹೇಳಿ. ಲೇಖನ ಎರಡು ತಿಂಗಳು ತಡವಾದರೂ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ